ನಾಕಾಬಂದಿಯಲ್ಲಿ ಕಾರಿನ ಡಿಕ್ಕಿ ತೆರೆಯಲು ಹೇಳಿದರೆ: ಅನುಭವಸ್ಥರ ಉತ್ತರಗಳು

ಪ್ರಶ್ನೆ: ಕಳೆದ ವಾರ ರಾತ್ರಿ ಊರಿಗೆ ಹೋಗುವಾಗ ನಾಕಾಬಂದಿಯಲ್ಲಿ ನಮ್ಮನ್ನು ನಿಲ್ಲಿಸಿದ ಪೊಲೀಸರು ದಾಖಲೆಗಳನ್ನು ನೋಡಿದ ಮೇಲೆ ಡಿಕ್ಕಿ ತೆರೆಸಿದರು, ನನ್ನ ಹೆಂಡತಿಯ ಕೈಚೀಲ ನೋಡಿದರು, ಕೊನೆಗೆ ನನ್ನ ಮೊಬೈಲನ್ನೂ ಕೇಳಿದರು. ಖಾಸಗಿತನ ಮೂಲಭೂತ ಹಕ್ಕಾಗಿರುವಾಗ ನಾನು ಬೇಡವೆನ್ನಬಹುದಿತ್ತೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾನು ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲ. ದಾಖಲೆ ಪರಿಶೀಲನೆಯೇ ಬೇರೆ, ಶೋಧವೇ ಬೇರೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಚಾಲನಾ ಪರವಾನಗಿ ತೋರಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಹೇಳುತ್ತದೆ. ಡಿಜಿಲಾಕರ್‌ನಲ್ಲಿರುವ ಪ್ರತಿಯೂ ನಡೆಯುತ್ತದೆ. ಆದರೆ ಡಿಕ್ಕಿ ತೆರೆಸುವ ಅಧಿಕಾರ ಆ ಸೆಕ್ಷನ್ನಿನಲ್ಲಿಲ್ಲ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಸ್ಥಳ’ ಎಂಬುದರ ವ್ಯಾಖ್ಯೆಯೊಳಗೆ ಮನೆ, ಗುಡಾರಗಳ ಜೊತೆ ವಾಹನವೂ ಸೇರಿರುವುದರಿಂದ, 185ನೇ ಸೆಕ್ಷನ್ ಪ್ರಕಾರ ವಾರಂಟಿಲ್ಲದೆ ಶೋಧಿಸುವ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ, ತನಿಖೆಗೆ ಬೇಕಾದ ವಸ್ತು ಅಲ್ಲಿದೆಯೆಂದು ನಂಬಲು ಇರುವ ಕಾರಣಗಳನ್ನು ಮೊದಲೇ ಬರೆದಿಟ್ಟು, ಶೋಧವನ್ನು ವಿಡಿಯೋ ಮಾಡಿ, 48 ಗಂಟೆಗಳೊಳಗೆ ದಾಖಲೆಯ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಮಾದಕವಸ್ತು, ಅಬಕಾರಿ ಮೊದಲಾದ ಕಾಯ್ದೆಗಳಲ್ಲಿ ಪ್ರತ್ಯೇಕ ಅಧಿಕಾರಗಳಿವೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದು ನಿಜ. ಆದರೆ ಅದೊಂದೇ ತೀರ್ಪನ್ನು ನಂಬಿ ರಸ್ತೆಯಲ್ಲಿ ವಾದಕ್ಕಿಳಿಯಬೇಡಿ. ಅಕ್ರಮ ಶೋಧದಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟಿನ 1973ರ ಪೂರನ್ ಮಲ್ ತೀರ್ಪು ಹೇಳಿದೆ. ಆರೋಪಿಯನ್ನು ಹೆಚ್ಚಾಗಿ ಕಾಪಾಡುವುದು ಆಯಾ ಕಾಯ್ದೆ ವಿಧಿಸಿದ ಕಾರ್ಯವಿಧಾನದ ಲೋಪ. 2021ರ ಬೂಟಾ ಸಿಂಗ್ ಪ್ರಕರಣದಲ್ಲಿ ಖಾಸಗಿ ಜೀಪನ್ನು ಸಾರ್ವಜನಿಕ ಸ್ಥಳವೆಂದು ಪರಿಗಣಿಸಲಾಗದು, ಸಿಕ್ಕ ಮಾಹಿತಿಯನ್ನು ಶೋಧಕ್ಕೆ ಮೊದಲೇ ಬರೆದಿಡಬೇಕೆನ್ನುವ ಮಾದಕವಸ್ತು ಕಾಯ್ದೆಯ 42ನೇ ಸೆಕ್ಷನ್ ಪಾಲನೆಯಾಗಿಲ್ಲ ಎಂಬ ಕಾರಣಕ್ಕೆ ಆರೋಪಿಗಳ ಬಿಡುಗಡೆಯಾಯಿತು.

ಮಹಿಳೆಯ ಮೈತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಕೈಚೀಲದ ಮಾತು ಬೇರೆ: ಚೀಲವು ದೇಹದ ಭಾಗವಲ್ಲ, ಹಾಗಾಗಿ ಮಾದಕವಸ್ತು ಕಾಯ್ದೆಯ 50ನೇ ಸೆಕ್ಷನ್ನಿನ ರಕ್ಷಣೆ (ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ಮೈತಪಾಸಣೆ ಆಗಲೆಂದು ಕೇಳುವ ಹಕ್ಕು) ಅದಕ್ಕಿಲ್ಲವೆಂದು 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ತೀರ್ಪಾಗಿದೆ. ಮೊಬೈಲಿನ ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬಹುದಿತ್ತು. ಫೋನಿನೊಳಗಿನ ಶೋಧಕ್ಕೆ ತುರ್ತು ಸಂದರ್ಭಗಳನ್ನು ಬಿಟ್ಟರೆ ವಾರಂಟ್ ಬೇಕೆಂದು ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ. ಉಳಿದಂತೆ ಕೈ ಅಡ್ಡ ಹಿಡಿಯದೆ, “ಸಾರ್, ಯಾವ ಕೇಸಿನಲ್ಲಿ ನೋಡುತ್ತಿದ್ದೀರಿ? ವಿಡಿಯೋ ಆಗುತ್ತಿದೆಯೇ? ನನ್ನ ಒಪ್ಪಿಗೆ ಇಲ್ಲ” ಎಂದು ಮೆಲ್ಲಗೆ ಹೇಳಿದರೆ ಸಾಕು.

ಎರಡನೆಯ ಉತ್ತರ: ವಕೀಲರು ಹೇಳದೆ ಬಿಟ್ಟ ಮಹಜರಿನ (ಶೋಧದಲ್ಲಿ ಕಂಡದ್ದನ್ನು ಸ್ಥಳದಲ್ಲೇ ಬರೆಯುವ ದಾಖಲೆ) ಬಗ್ಗೆ ಹೇಳುತ್ತೇನೆ, ಏಕೆಂದರೆ ನಾನು ಒಮ್ಮೆ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕುವ ಪಂಚನಾಗಿದ್ದೆ. ಹೆದ್ದಾರಿ ಬದಿಯಲ್ಲಿ ಚಹಾ ಕುಡಿಯುತ್ತಿದ್ದ ನನ್ನನ್ನು ಕರೆದು, ಕಾರಿನ ಬಾನೆಟ್ ಮೇಲೆ ಹಾಳೆಯಿಟ್ಟು, ಟಾರ್ಚ್ ಹಿಡಿದು ಸಹಿ ಮಾಡೆಂದರು. ಹಾಳೆಯ ಮೇಲ್ಭಾಗದಲ್ಲಿ ಎರಡೇ ಸಾಲು ಬರೆದಿತ್ತು, ಉಳಿದದ್ದೆಲ್ಲ ಖಾಲಿ. ಬರೆದು ಮುಗಿಸಿದ ಮೇಲೆ ಓದಿ ಸಹಿ ಮಾಡುತ್ತೇನೆ ಎಂದಾಗ ಹೆಡ್ ಕಾನ್‌ಸ್ಟೆಬಲ್ ಮುಖ ಗಂಟಿಕ್ಕಿದರೂ ಕುಳಿತು ಬರೆದರು: ಸಮಯ, ಕಾರಿನ ನಂಬರು, “ಹಿಂದಿನ ಸೀಟಿನ ಕೆಳಗೆ ಕಪ್ಪು ಬ್ಯಾಗು ಒಂದು”. ಮೊದಲು ಬ್ಯಾಗು ಡಿಕ್ಕಿಯಲ್ಲಿತ್ತೆಂದು ಅವರೇ ಮಾತಾಡಿಕೊಂಡಿದ್ದರು. ಅದನ್ನು ಹೇಳಿ ತಿದ್ದಿಸಿ, ತಿದ್ದಿದ ಕಡೆಯೂ ಸಹಿ ಹಾಕಿದೆ. ಎರಡು ವರ್ಷದ ಮೇಲೆ ಸಾಕ್ಷಿ ಕಟಕಟೆಯಲ್ಲಿ ನನ್ನನ್ನು ಕೇಳಿದ್ದು ಆ ಒಂದು ತಿದ್ದುಪಡಿಯ ಬಗ್ಗೆಯೇ.

ಮೊದಲ ಉತ್ತರಿಸಿದವರು: ಸರಿಯಾದ ಮಾತು. ಪ್ರಶ್ನೆ ಕೇಳಿದವರಿಗೆ ಇನ್ನೊಂದು ವಿಷಯ. 185ನೇ ಸೆಕ್ಷನ್ ಅಡಿ ಶೋಧ ನಡೆದಿದ್ದರೆ, ಮ್ಯಾಜಿಸ್ಟ್ರೇಟರಿಗೆ ಹೋದ ದಾಖಲೆಯ ಪ್ರತಿಯನ್ನು ವಾಹನದ ಮಾಲೀಕರು ಅರ್ಜಿ ಕೊಟ್ಟು ಉಚಿತವಾಗಿ ಪಡೆಯಬಹುದು. ದಿನಾಂಕ, ಸಮಯ, ಜಾಗ ನೆನಪಿರುವಾಗಲೇ ಅರ್ಜಿ ಹಾಕಿ.