ಮಂಜಿನಲ್ಲಿ ನಿಂತ ಕಬ್ಬಿನ ಟ್ರಾಲಿಗೆ ಕಾರು ಗುದ್ದಿ ಅವ್ವ ಹೋದಳು, ಎಫ್‌ಐಆರ್ ಅಪ್ಪಾಜಿ ಮೇಲಾಗಿದೆ

ಪ್ರಶ್ನೆ:

ವಕೀಲರಿಗೆ ನಮಸ್ಕಾರ. ನಾವು ಹುಬ್ಬಳ್ಳಿಯವರು. ಈ ಸಲದ ಎಳ್ಳಮವಾಸ್ಯೆಗೆ ವಿಜಯಪುರದ ಕಡೆ ಇರುವ ಅವ್ವನ ತವರಿಗೆ ಹೊರಟಿದ್ದೆವು. ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಮುಟ್ಟಬೇಕೆಂದು ನಸುಕಿನ ನಾಲ್ಕಕ್ಕೇ ಮನೆ ಬಿಟ್ಟೆವು. ಕಾರು ಅಪ್ಪಾಜಿಯವರದು, ಓಡಿಸುತ್ತಿದ್ದವರೂ ಅವರೇ. ಅವ್ವ ಮುಂದೆ, ತೊಡೆಯ ಮೇಲೆ ಸಜ್ಜಿ ರೊಟ್ಟಿಯ ಗಂಟು. ನಾನು, ತಮ್ಮ ಹಿಂದೆ.

ಬೀಳಗಿ ಕ್ರಾಸ್ ದಾಟಿ ಕೊಲ್ಹಾರ ಸೇತುವೆಯ ಕಡೆ ಹೋದಂತೆ ಮಂಜು ಒಮ್ಮೆಲೇ ದಟ್ಟವಾಯಿತು. ಅಪ್ಪಾಜಿ ವೇಗ ಇಳಿಸಿದ್ದರು. ಕಬ್ಬು ತುಂಬಿದ ಟ್ರಾಲಿಯೊಂದು ರಸ್ತೆ ಮೇಲೆಯೇ ನಿಂತಿತ್ತು. ಕಂಡಾಗ ಅದು ಕಾರಿನ ಮೂತಿಗೇ ಬಂದಿತ್ತು. ಎಡಗಡೆ ಗುದ್ದಿತು. ಅವ್ವ ಬಾಗಲಕೋಟೆಯ ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದಳು. ಅವಳಿಗೆ 47 ವರ್ಷ.

ಹಿಂದಿನಿಂದ ಗುದ್ದಿದವರದೇ ತಪ್ಪು ಎಂದು ಪೊಲೀಸರು ಅಪ್ಪಾಜಿ ಮೇಲೆ ಕೇಸು ಹಾಕಿದ್ದಾರೆ. ಟ್ರಾಲಿಯವರ ಕಡೆಯ ಹಿರಿಯರು ಮನೆಗೆ ಬಂದು, "ಎರಡು ಲಕ್ಷ ಕೊಡತೇವಿ, ಬಾಂಡ್ ಪೇಪರ್ ಮ್ಯಾಲೆ ಸಹಿ ಮಾಡ್ರಿ. ಹೆಂಗೂ ನಿಮ್ಮವ್ವ ನೌಕರಿ ಮಾಡತಿರಲಿಲ್ಲ" ಎಂದು ಹೇಳಿ ಹೋದರು. ಅಪ್ಪಾಜಿ ಎರಡು ತಿಂಗಳಿಂದ ಸರಿಯಾಗಿ ಮಾತಾಡಿಲ್ಲ, ಸಹಿ ಮಾಡಿ ಮುಗಿಸೋಣ ಅನ್ನುತ್ತಾರೆ. ಅಂದು ತಮ್ಮ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದಾನೆ. ಟ್ರಾಲಿಯ ಗಾಲಿಗೆ ಕಲ್ಲು ಒತ್ತು ಕೊಟ್ಟಿದ್ದು, ಕಬ್ಬಿನ ಸೋಗೆ ಹಿಂದಿನ ದೀಪದ ಮೇಲೆ ಜೋತುಬಿದ್ದಿದ್ದು ಅದರಲ್ಲಿ ಕಾಣುತ್ತದೆ. ನಾವೇನು ಮಾಡಬೇಕು ಸರ್?

ವಕೀಲರ ಉತ್ತರ:

ತಂಗಿ, ಅವ್ವನನ್ನು ಕಳೆದುಕೊಂಡ ದುಃಖದಲ್ಲೂ ಇಷ್ಟು ವಿವರವಾಗಿ ಬರೆದಿದ್ದೀರಿ. ಮೊದಲ ಮಾತು, ಆ ಬಾಂಡ್ ಪೇಪರ್ ಮೇಲೆ ಯಾರೂ ಸಹಿ ಮಾಡಬೇಡಿ. ಅಪ್ಪನವರಿಗೂ ಇದನ್ನು ಓದಿ ಹೇಳಿ.

ಎಫ್‌ಐಆರ್ ಅಂದರೆ ತೀರ್ಪಲ್ಲ. ಅಪ್ಪನವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281 (ಅಜಾಗರೂಕ ಚಾಲನೆ) ಮತ್ತು 106(1) (ನಿರ್ಲಕ್ಷ್ಯದಿಂದ ಸಾವು) ಹಾಕಿರುತ್ತಾರೆ. ಆ ಕೇಸು ಅದರ ದಾರಿಯಲ್ಲಿ ನಡೆಯುತ್ತದೆ. ಪರಿಹಾರದ ಅರ್ಜಿ ಹೋಗುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಎಫ್‌ಐಆರ್ ಹೇಳಿದ್ದನ್ನೇ ಅದು ಒಪ್ಪಬೇಕೆಂದಿಲ್ಲ, ಸಾಕ್ಷ್ಯ ನೋಡಿ ತಾನೇ ನಿರ್ಧರಿಸುತ್ತದೆ.

ಬೇರೆಯವರಿಗೆ ಅಪಾಯವಾಗುವಂತೆ ವಾಹನವನ್ನು ರಸ್ತೆಯಲ್ಲಿ ಬಿಡುವುದು ಮೋಟಾರು ವಾಹನ ಕಾಯ್ದೆಯ ಕಲಂ 122ರ ಪ್ರಕಾರ ತಪ್ಪು. ರಸ್ತೆ ನಡುವೆ ದೀಪ, ಇಂಡಿಕೇಟರ್ ಇಲ್ಲದೆ ನಿಂತಿದ್ದ ಗ್ಯಾಸ್ ಟ್ಯಾಂಕರಿಗೆ ರಾತ್ರಿ ಕಾರೊಂದು ಗುದ್ದಿದ ಪ್ರಕರಣದಲ್ಲಿ ಹೈಕೋರ್ಟು ಅರ್ಧ ತಪ್ಪನ್ನು ಕಾರಿನ ಚಾಲಕನ ಮೇಲೆ ಹೊರಿಸಿತ್ತು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ತೆಗೆದುಹಾಕಿ ತಪ್ಪು ಪೂರ್ತಿ ಟ್ಯಾಂಕರಿನದೇ ಎಂದಿತು. ನಿಮ್ಮ ತಮ್ಮನ ವಿಡಿಯೊ ಅದಕ್ಕೇ ಮುಖ್ಯ. ಆ ಮೊಬೈಲನ್ನು ಮಾರಬೇಡಿ, ವಿಡಿಯೊ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಅಂದರೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ದೃಢೀಕರಣ, ಬೇಕಾಗುತ್ತದೆ. ವಿಡಿಯೊದ ಪ್ರತಿಯನ್ನು ತನಿಖಾಧಿಕಾರಿಗೆ ಈಗಲೇ ಲಿಖಿತ ಅರ್ಜಿಯೊಂದಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಮಂಜಿನಲ್ಲಿ ಇನ್ನೂ ನಿಧಾನ ಹೋಗಬೇಕಿತ್ತು ಎಂದು ಅಪ್ಪನವರ ಮೇಲೂ ಸ್ವಲ್ಪ ಪಾಲು ಬರಬಹುದು. ಬಂದರೂ ಅವ್ವನ ಪರಿಹಾರ ಕಡಿಮೆಯಾಗುವುದಿಲ್ಲ. ಅವರು ಪಕ್ಕದಲ್ಲಿ ಕೂತವರು, ಅವರ ತಪ್ಪೇನೂ ಇಲ್ಲ. ಇಬ್ಬರು ಚಾಲಕರ ತಪ್ಪಿನಿಂದ ಮೂರನೆಯವರು ಸತ್ತರೆ, ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಹಾಗಾಗಿ ಅರ್ಜಿದಾರರು ನೀವು ಮತ್ತು ತಮ್ಮ, ಎದುರುದಾರರು ಟ್ರ್ಯಾಕ್ಟರಿನ ಮಾಲೀಕ, ಅದರ ವಿಮಾ ಕಂಪನಿ, ಜೊತೆಗೆ ಅಪ್ಪನವರು ಮತ್ತು ನಿಮ್ಮ ಕಾರಿನ ವಿಮಾ ಕಂಪನಿ. ಅಪ್ಪನ ಹೆಸರು ಎದುರುದಾರರಲ್ಲಿ ಬಂತೆಂದು ನೊಂದುಕೊಳ್ಳಬೇಡಿ. ಕಾರಿನ ಪಾಲಿಸಿಯನ್ನು ಒಳಗೆ ತರುವುದಕ್ಕೆ ಇರುವ ದಾರಿ ಅದು. ಆ ಪಾಲಿಸಿ ಬರೀ ಥರ್ಡ್ ಪಾರ್ಟಿಯೋ, ಪ್ಯಾಕೇಜ್ ಪಾಲಿಸಿಯೋ ನೋಡಿ. ಪ್ಯಾಕೇಜ್ ಆಗಿದ್ದರೆ ಕಾರಿನಲ್ಲಿ ಕೂತವರಿಗೂ ಅನ್ವಯಿಸುತ್ತದೆ.

ಇನ್ನು "ನೌಕರಿ ಮಾಡತಿರಲಿಲ್ಲ" ಅನ್ನುವ ಮಾತು. ಈ ಮಾತನ್ನು ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕೇಳಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ನಸುಕಿನ ನಾಲ್ಕಕ್ಕೆ ಹೊರಡಬೇಕಾದರೆ ಆ ರೊಟ್ಟಿ ಬಡಿಯಲು ಅವ್ವ ಎಷ್ಟೊತ್ತಿಗೆ ಎದ್ದಿದ್ದರು? ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು, ಮುಂದಿನ ಏರಿಕೆಯನ್ನೂ ಅದಕ್ಕೆ ಸೇರಿಸಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಲೆಕ್ಕ ತಿಳಿಯಲೆಂದು ತಿಂಗಳಿಗೆ 15,000 ರೂಪಾಯಿ ಎಂದು ಹಿಡಿಯೋಣ. 47ರ ವಯಸ್ಸಿಗೆ ಶೇ. 25 ಏರಿಕೆ ಸೇರಿದರೆ 18,750. ಅವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದರೆ 12,500. ವರ್ಷಕ್ಕೆ 1,50,000. ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ, ಅದೇ ಗುಣಕ. ಆ ವಯಸ್ಸಿನ ಗುಣಕ 13, ಅಂದರೆ 19,50,000. ಅಂತ್ಯಕ್ರಿಯೆಯ ಖರ್ಚು, ತಾಯಿಯ ಆಸರೆ ತಪ್ಪಿದ್ದಕ್ಕೆ ಮಕ್ಕಳಿಗೆ ಕೊಡುವ ಮೊತ್ತ, ಬಡ್ಡಿ ಇವೆಲ್ಲ ಬೇರೆ. ಮಂಡಳಿ ಹಿಡಿಯುವ ಆದಾಯ ಹೆಚ್ಚು ಕಡಿಮೆ ಆಗಬಹುದು, ಆದರೂ ಎರಡು ಲಕ್ಷ ಎಲ್ಲಿ, ಇದು ಎಲ್ಲಿ.

ಅರ್ಜಿಗೆ ಕಾಯ್ದೆ ಕೊಟ್ಟಿರುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಎರಡು ಆಗಲೇ ಹೋಗಿವೆ. ಪೊಲೀಸರು 90 ದಿನಗಳಲ್ಲಿ ಮಂಡಳಿಗೆ ಪೂರ್ಣ ವರದಿ ಕಳಿಸಬೇಕೆಂಬ ನಿಯಮವಿದೆ, ಅದನ್ನೇ ನಂಬಿ ಕೂಡಬೇಡಿ. ನೀವು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು, ಬಾಗಲಕೋಟೆಗೆ ಅಲೆಯಬೇಕಿಲ್ಲ.

ಗುಂಪಿನ ಸದಸ್ಯರೊಬ್ಬರು:

ಅಕ್ಕಾರ, ನಾನೂ ಕಬ್ಬು ಸಾಗಿಸುವವನು. ಸೋಗೆ ದೀಪ ಮುಚ್ಚುವುದು ನಿಜ. ರೇಡಿಯಂ ಪಟ್ಟಿ ಹಚ್ಚಿದರೂ ನಾಲ್ಕು ಟ್ರಿಪ್ಪಿಗೆ ಧೂಳು ಕೂತು ಕಾಣುವುದಿಲ್ಲ, ದಿನಾ ಒರೆಸಬೇಕು. ನಿಲ್ಲಿಸುವುದಾದರೆ ಹಿಂದೆ ದೂರದಲ್ಲಿ ಒಬ್ಬರು ಬ್ಯಾಟರಿ ಹಿಡಿದು ನಿಲ್ಲಬೇಕು. ಇನ್ನೊಂದು, ಕಾರ್ಖಾನೆಯ ತೂಕದ ಚೀಟಿಯಲ್ಲಿ ಗಾಡಿ ನಂಬರು, ಯಾರ ಹೊಲದ ಕಬ್ಬು ಎಂಬುದೆಲ್ಲ ಬರುತ್ತದೆ. ಅದನ್ನು ತರಿಸಿರಿ.

ವಕೀಲರು:

ಬಹಳ ಉಪಯೋಗದ ಮಾತು. ಟ್ರ್ಯಾಕ್ಟರಿಗೆ ವಿಮೆ ಇದೆ, ಟ್ರಾಲಿಗಿಲ್ಲ, ಅಥವಾ ಬೇಸಾಯಕ್ಕೆ ಮಾತ್ರ ಇದೆ ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಅಂದು ಆ ಗಾಡಿ ಏನು ಮಾಡುತ್ತಿತ್ತು ಎಂಬುದಕ್ಕೆ ಆ ಚೀಟಿ ದಾಖಲೆ. ಮಂಡಳಿಯ ಮೂಲಕ ತರಿಸಬಹುದು.

ಪ್ರಶ್ನೆ ಕೇಳಿದವರು:

ಸರ್, ಎಲ್ಲವನ್ನೂ ಅಪ್ಪಾಜಿಗೆ ಓದಿ ಹೇಳಿದೆ. ಟ್ಯಾಂಕರಿನ ಕೇಸನ್ನು ಎರಡು ಸಲ ಓದಿಸಿದರು. ಕಾರಿನ ಪಾಲಿಸಿ ತಾವೇ ಹುಡುಕಿ ತಂದರು, ಪ್ಯಾಕೇಜ್ ಇದೆ. ಅವರೂ ಸಾಕ್ಷಿ ಹೇಳಬೇಕಾಗುತ್ತದೆಯೇ? ವೇಗ 40 ಎಂದು ಹೇಳಿ ಅಂತ ಕೆಲವರು ಕಲಿಸುತ್ತಿದ್ದಾರೆ.

ವಕೀಲರು:

ನೀವೂ ತಮ್ಮನೂ ಕಣ್ಣಾರೆ ಕಂಡವರು, ನಿಮ್ಮ ಸಾಕ್ಷಿ ಸಾಕಾಗಬಹುದು. ಅವರು ಹೇಳುವುದಾದರೆ ಇದ್ದ ವೇಗವನ್ನೇ ಹೇಳಲಿ. 50 ಇದ್ದರೆ 50. ಸ್ಥಳ ಪಂಚನಾಮೆ, ಮೋಟಾರು ವಾಹನ ನಿರೀಕ್ಷಕರ ವರದಿ, ಮರಣೋತ್ತರ ಪರೀಕ್ಷೆಯ ವರದಿ ಮೂರರ ದೃಢೀಕೃತ ಪ್ರತಿಗೆ ಈ ವಾರವೇ ಅರ್ಜಿ ಕೊಡಿ. ಕೈಗೆ ಬಂದ ಮೇಲೆ ಮತ್ತೆ ಇಲ್ಲಿ ಬರೆಯಿರಿ.