ಮೂಲನಿವಾಸಿ ವಯಸ್ಕರ ಸಾಕ್ಷರತಾ ಸಂಸ್ಥೆ: ಬಲಪಡಿಸಲು ಮೊದಲು ಎಲ್ಲಿ ಕೈಹಾಕಬೇಕು?

ಪ್ರಶ್ನೆ

ಮೂಲನಿವಾಸಿ ಸಮುದಾಯಗಳ ವಯಸ್ಕರಿಗೆ ಓದುಬರಹ ಕಲಿಸುವ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯ ಸಂಯೋಜಕ ಹೊಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಹಣದ ಬಹುಪಾಲು ಒಬ್ಬರೇ ದಾನಿಯಿಂದ, ಅದೂ ವರ್ಷ ವರ್ಷ ಮಂಜೂರಾಗಬೇಕಾದ ಅನುದಾನವಾಗಿ ಬರುತ್ತದೆ. ಆಡಳಿತ ಮಂಡಳಿಯಲ್ಲಿರುವವರು ಸದುದ್ದೇಶದವರೇ, ಆದರೆ ಕಲಿಯುವವರ ಸಮುದಾಯಕ್ಕೆ ಸೇರಿದವರು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆರಂಭದಲ್ಲಿ ತುಂಬಿದ್ದ ಹಾಜರಿ ಪುಸ್ತಕ ಕೂಲಿ ಕೆಲಸ ಹೆಚ್ಚುವ ತಿಂಗಳುಗಳಲ್ಲಿ ಬರಿದಾಗುತ್ತದೆ, ಅನುದಾನ ಮುಗಿಯುವ ಹೊತ್ತಿಗೆ ಶಿಕ್ಷಕರೂ ಹೊರಡುತ್ತಾರೆ. ನಿಧಿ ಸಂಗ್ರಹಕ್ಕೆ ಒಬ್ಬರನ್ನು ನೇಮಿಸಿಕೊಂಡರೆ ಉಳಿದದ್ದೆಲ್ಲ ಸರಿಹೋಗುತ್ತದೆ ಎಂಬುದು ಮಂಡಳಿಯ ಅಭಿಪ್ರಾಯ. ನನಗೆ ಆ ಭರವಸೆ ಇಲ್ಲ. ಅನುಭವಿಗಳು ಏನು ಹೇಳುತ್ತೀರಿ?

ಉತ್ತರ 1

ಮಂಡಳಿಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಆದರೆ ಹಣ ಕೇಳುವ ಮುನ್ನ ಒಂದು ತರಗತಿಗೆ ನಿಜವಾಗಿ ತಗಲುವ ವೆಚ್ಚವನ್ನು ಬರೆದು ನೋಡಿ. ಅನುದಾನದ ಲೆಕ್ಕದಲ್ಲಿ ಕಾಣುವುದು ಸಂಜೆಯ ಎರಡು ಗಂಟೆಗಳ ಬೋಧನೆ ಮಾತ್ರ. ಬಾರದವರ ಮನೆಗೆ ಹೋಗಿ ವಿಚಾರಿಸುವುದು, ಪಾಠ ಸಿದ್ಧಪಡಿಸುವುದು, ತಾಯಂದಿರು ಕಲಿಯುವಾಗ ಮಕ್ಕಳನ್ನು ನೋಡಿಕೊಳ್ಳುವುದು, ಯಾರೋ ಮಡಚಿ ತಂದ ಆಸ್ಪತ್ರೆಯ ಅರ್ಜಿಯನ್ನು ಜೊತೆಗೆ ಕೂತು ಓದಿ ತುಂಬುವುದು, ಇವಾವುವೂ ಅಲ್ಲಿ ನಮೂದಾಗುವುದಿಲ್ಲ. ಈ ಕೆಲಸವನ್ನೆಲ್ಲ ಶಿಕ್ಷಕರು ಪುಕ್ಕಟೆಯಾಗಿ ಮಾಡಿ ಬಳಲುತ್ತಾರೆ, ಬಳಿಕ ಬಿಟ್ಟು ಹೋಗುತ್ತಾರೆ. ಪೂರ್ಣ ಲೆಕ್ಕವನ್ನು ದಾನಿಯ ಮುಂದಿಟ್ಟು, ಹಲವು ವರ್ಷಗಳಿಗೆ ಅನ್ವಯಿಸುವ, ಸಂಬಳ ಮತ್ತು ಕಚೇರಿಯ ಖರ್ಚಿಗೂ ಬಳಸಬಹುದಾದ ನೆರವನ್ನು ಕೇಳಿ. ಕೆಲವು ತಿಂಗಳ ಸಂಬಳಕ್ಕಾಗುವಷ್ಟು ಮೀಸಲು ನಿಧಿಯೂ ಇರಲಿ.

ಉತ್ತರ 2

ಹಣದ ಪ್ರಶ್ನೆಗಿಂತ ಮೊದಲು ಬರುವುದು ತೀರ್ಮಾನ ಯಾರದು ಎಂಬ ಪ್ರಶ್ನೆ. ಮೂಲನಿವಾಸಿಗಳ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2007ರಲ್ಲಿ ಅಂಗೀಕರಿಸಿದ ಘೋಷಣೆಯ 14ನೇ ವಿಧಿಯು, ತಮ್ಮ ಭಾಷೆಯಲ್ಲಿ ಶಿಕ್ಷಣ ನೀಡುವ ಸಂಸ್ಥೆಗಳನ್ನು ತಾವೇ ಸ್ಥಾಪಿಸಿ ತಾವೇ ನಿಯಂತ್ರಿಸುವ ಹಕ್ಕು ಅವರಿಗಿದೆ ಎನ್ನುತ್ತದೆ. ಅದು ಒಪ್ಪಂದದಂತೆ ಕಾನೂನಾಗಿ ಬಂಧಿಸುವುದಿಲ್ಲ, ಆದರೂ ನಿಮ್ಮ ಮಂಡಳಿಯನ್ನು ಅಳೆಯಲು ಅಷ್ಟು ಸಾಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ವಿಲ್ಕ್ಯಾನಿಯಾದಲ್ಲಿ 2012ರಲ್ಲಿ ಕ್ಯೂಬಾದ ‘ಯೊ ಸಿ ಪುಯೆದೊ’ (‘ಹೌದು, ನನ್ನಿಂದಾಗುತ್ತದೆ’) ಎಂಬ ವಯಸ್ಕರ ಸಾಕ್ಷರತಾ ವಿಧಾನವನ್ನು ಅಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ವಯಸ್ಕರ ನಡುವೆ ಪ್ರಯೋಗಿಸಲಾಯಿತು. ಪಾಠಗಳು ವಿಡಿಯೋದಲ್ಲಿ ಸಿದ್ಧವಾಗಿದ್ದುದರಿಂದ ಪದವೀಧರ ಶಿಕ್ಷಕರಿಗಾಗಿ ಕಾಯಬೇಕಾಗಲಿಲ್ಲ. ಸ್ಥಳೀಯರೇ ತರಬೇತಿ ಪಡೆದು ತರಗತಿ ನಡೆಸಿದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಪಾಠದ ಹಿಂದುಮುಂದಿನ ಹಂತಗಳು: ಅಕ್ಷರಕ್ಕೆ ಮೊದಲು ಮನೆಮನೆಗೆ ಹೋಗಿ ಇಡೀ ಊರನ್ನು ಒಳಗೊಳ್ಳುವ ಹಂತ, ಪಾಠದ ಬಳಿಕ ಕಲಿತದ್ದು ಕೈಬಿಡದಂತೆ ಬಳಕೆಗೆ ತರುವ ಹಂತ. ಬಹುತೇಕ ಸಂಸ್ಥೆಗಳು ನಡುವಿನದನ್ನಷ್ಟೇ ಮಾಡಿ, ಹಾಜರಾತಿ ಕುಸಿದಾಗ ಕಲಿಯುವವರನ್ನು ದೂರುತ್ತವೆ. ದುಡಿಮೆಯ ಕಾಲದಲ್ಲಿ ತರಗತಿಗೆ ರಜೆ ಕೊಡಬೇಕೇ ಎಂಬುದನ್ನು ಊರಿನವರೇ ನಿರ್ಧರಿಸಲಿ.

ಉತ್ತರ 3

ಹಿಂದಿನ ಉತ್ತರಕ್ಕೆ ಒಂದು ಸೇರ್ಪಡೆ. ಮಂಡಳಿಯಲ್ಲಿ ಎರಡು ಸ್ಥಾನ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಬಜೆಟ್ ಮತ್ತು ನೇಮಕಾತಿಯ ಮೇಲೆ ಮತ ಇಲ್ಲದಿದ್ದರೆ ಆ ಸ್ಥಾನಗಳು ಅಲಂಕಾರಕ್ಕಷ್ಟೇ. ಮಾಹಿತಿಯ ವಿಚಾರವೂ ಹೀಗೆಯೇ. ಕೆನಡಾದ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳು 1998ರಲ್ಲಿ ರೂಪಿಸಿದ ತತ್ವಗಳ ಪ್ರಕಾರ, ತಮ್ಮ ಕುರಿತ ಮಾಹಿತಿಯ ಒಡೆತನ, ನಿಯಂತ್ರಣ, ಲಭ್ಯತೆ ಮತ್ತು ಸ್ವಾಧೀನ ಸಮುದಾಯದ್ದೇ. ಯಾರಿಗೆ ಎಷ್ಟು ಓದಲು ಬರುತ್ತದೆ ಎಂಬ ಪಟ್ಟಿಯನ್ನು ವರದಿಗೆಂದು ದಾನಿಗೆ ಕಳುಹಿಸುವ ಮುನ್ನ ಇದನ್ನು ನೆನಪಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನೇಮಕಾತಿಯ ಪ್ರಸ್ತಾವವನ್ನು ಸದ್ಯಕ್ಕೆ ತಡೆಹಿಡಿಯಲು ಕೇಳುತ್ತೇನೆ. ಒಂದು ತೊಡಕು ಉಳಿದಿದೆ: ಮಂಡಳಿಗೆ ಬರಬೇಕಾದ ಹಿರಿಯರಲ್ಲಿ ಕೆಲವರಿಗೆ ಸಭೆಯ ಕಾಗದಪತ್ರಗಳನ್ನು ಓದಲು ಬಾರದು.

ಉತ್ತರ 3ರವರಿಂದ

ಹಾಗಾದರೆ ಕಾಗದಪತ್ರಗಳನ್ನು ಸಭೆಗೆ ಮೊದಲೇ ಅವರ ಭಾಷೆಯಲ್ಲಿ ಧ್ವನಿಮುದ್ರಿಸಿ ಕಳುಹಿಸಿ, ಲೆಕ್ಕಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ, ಸಭೆಯ ದಿನ ತಪ್ಪುವ ಕೂಲಿಯನ್ನು ಸಂಸ್ಥೆಯೇ ಭರಿಸಲಿ. ಈ ಖರ್ಚನ್ನೂ ಮೊದಲ ಉತ್ತರದಲ್ಲಿ ಹೇಳಿದ ಲೆಕ್ಕಕ್ಕೆ ಸೇರಿಸಿ.