ಪಿಂಗ್‌ಗೆ ಓಗೊಡುವ ಸ್ವಿಚ್ ಎಸ್‌ಎನ್‌ಎಂಪಿ ಪ್ರಶ್ನೆಗೆ ಉತ್ತರಿಸುತ್ತಿಲ್ಲ

ಪ್ರಶ್ನೆ

ಜಾಲದ ನಿಗಾ ನೋಡಿಕೊಳ್ಳುವ ಸರ್ವರನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿದ ಮೇಲೆ ಒಂದು ಸ್ವಿಚ್ ಮಾತ್ರ ಎಸ್‌ಎನ್‌ಎಂಪಿ (ಜಾಲದ ಸಾಧನಗಳ ಸ್ಥಿತಿಯನ್ನು ಕೇಳಿ ತಿಳಿಯುವ ನಿಯಮಾವಳಿ) ಪ್ರಶ್ನೆಗಳಿಗೆ ಉತ್ತರಿಸುತ್ತಿಲ್ಲ. ಲಿನಕ್ಸ್ ಕಮಾಂಡ್ ಲೈನಿನಿಂದ ನೆಟ್-ಎಸ್‌ಎನ್‌ಎಂಪಿಯ ಎಸ್‌ಎನ್‌ಎಂಪಿವಾಕ್ ಅನ್ನು 2ಸಿ ಆವೃತ್ತಿಯಲ್ಲಿ ಓಡಿಸಿದರೆ ಕೆಲವು ಸೆಕೆಂಡು ಸುಮ್ಮನಿದ್ದು, ‘ಟೈಮ್‌ಔಟ್: ನೋ ರೆಸ್ಪಾನ್ಸ್’ ಎಂದು ಮುಗಿಯುತ್ತದೆ. ಪಿಂಗ್ ಸರಿಯಾಗಿ ಹೋಗುತ್ತದೆ. ಟೆಲ್‌ನೆಟ್ ಮೂಲಕ 161ನೇ ಪೋರ್ಟ್ ಪರೀಕ್ಷಿಸಿದರೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ಬರುತ್ತದೆ. ಇದೇ ಕಮ್ಯುನಿಟಿ ಸ್ಟ್ರಿಂಗ್ (ಗುಪ್ತಪದದಂತೆ ಪ್ರಶ್ನೆಯ ಜೊತೆ ಕಳಿಸುವ ಪದ) ಉಳಿದ ಸ್ವಿಚ್‌ಗಳಲ್ಲಿ ಕೆಲಸ ಮಾಡುತ್ತಿದೆ. ಈ ಸ್ವಿಚ್‌ನಲ್ಲಿ ಎಸ್‌ಎನ್‌ಎಂಪಿ ಸೇವೆಯೇ ನಿಂತಿದೆ ಎಂದು ಭಾವಿಸಬಹುದೇ?

ಉತ್ತರ

ಈಗಲೇ ಹಾಗೆ ಭಾವಿಸಬೇಡಿ. ಟೆಲ್‌ನೆಟ್ ಪರೀಕ್ಷೆಯನ್ನು ಮೊದಲು ಬದಿಗಿಡಿ. ಅದು ಟಿಸಿಪಿ ಸಂಪರ್ಕಕ್ಕೆ ಪ್ರಯತ್ನಿಸುತ್ತದೆ, ಎಸ್‌ಎನ್‌ಎಂಪಿ ಪ್ರಶ್ನೆಗಳು ಹೋಗುವುದು ಸಾಮಾನ್ಯವಾಗಿ ಯುಡಿಪಿ ಎಂಬ ಬೇರೆ ಸಾಗಣೆ ವಿಧಾನದ 161ನೇ ಪೋರ್ಟಿಗೆ. ಆದ್ದರಿಂದ ಅಲ್ಲಿ ನಿರಾಕರಣೆ ಬಂದುದರಿಂದ ಏನೂ ಸಾಬೀತಾಗುವುದಿಲ್ಲ. ಪಿಂಗ್ ಕೂಡ ತಾನು ಬಳಸುವ ಐಸಿಎಂಪಿ ಎಂಬ ನಿಯಮಾವಳಿಗೆ ದಾರಿ ಇದೆ ಎಂಬುದನ್ನಷ್ಟೇ ಹೇಳುತ್ತದೆ.

‘ಟೈಮ್‌ಔಟ್’ ಎಂಬ ಒಂದೇ ಸಂದೇಶದ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರಬಹುದು: ಪ್ರಶ್ನೆ ಸ್ವಿಚ್‌ಗೆ ತಲುಪಿಲ್ಲ, ತಲುಪಿದರೂ ಸ್ವಿಚ್ ಅದನ್ನು ಒಪ್ಪಿಲ್ಲ, ಅಥವಾ ಉತ್ತರ ಹೊರಟು ದಾರಿಯಲ್ಲಿ ಕಳೆದುಹೋಗಿದೆ. 1 ಮತ್ತು 2ಸಿ ಆವೃತ್ತಿಗಳಲ್ಲಿ ಕಮ್ಯುನಿಟಿ ತಪ್ಪಾಗಿದ್ದರೆ ಏಜೆಂಟ್ (ಸ್ವಿಚ್‌ನಲ್ಲಿ ಎಸ್‌ಎನ್‌ಎಂಪಿಗೆ ಉತ್ತರಿಸುವ ತಂತ್ರಾಂಶ) ದೋಷ ಸಂದೇಶ ಕಳಿಸದೆ ಪ್ಯಾಕೆಟ್ಟನ್ನು ಕೈಬಿಡುವುದರಿಂದ, ತಪ್ಪು ಸ್ಟ್ರಿಂಗ್‌ಗೂ ಕಿತ್ತುಹೋದ ಕೇಬಲ್‌ಗೂ ನಿಮ್ಮ ಪರದೆಯಲ್ಲಿ ವ್ಯತ್ಯಾಸವೇ ಕಾಣಿಸುವುದಿಲ್ಲ.

ಇವುಗಳನ್ನು ಬೇರ್ಪಡಿಸಲು 3ನೇ ಆವೃತ್ತಿ ಒಂದು ಒಳ್ಳೆಯ ಉಪಾಯವನ್ನು ಒದಗಿಸುತ್ತದೆ. ಎಸ್‌ಎನ್‌ಎಂಪಿಗೆಟ್‌ಗೆ 3ನೇ ಆವೃತ್ತಿಯನ್ನು ಸೂಚಿಸಿ, ಭದ್ರತಾ ಮಟ್ಟವನ್ನು ‘ನೋಆಥ್‌ನೋಪ್ರಿವ್’ (ದೃಢೀಕರಣವೂ ಗೂಢಲಿಪೀಕರಣವೂ ಇಲ್ಲ) ಎಂದು ಇಟ್ಟು, ಸ್ವಿಚ್‌ನಲ್ಲಿ ಇರಲಾರದ ಯಾವುದಾದರೂ ಬಳಕೆದಾರ ಹೆಸರನ್ನು ಕೊಟ್ಟು 1.3.6.1.2.1.1.3.0 ಎಂಬ ಓಐಡಿಯನ್ನು (ಒಂದು ಮಾಹಿತಿಯ ಸಂಖ್ಯಾ ವಿಳಾಸ, ಇಲ್ಲಿ ಅಪ್‌ಟೈಮ್‌ನದು) ಕೇಳಿ. ಕೊನೆಯ ಸೊನ್ನೆಯನ್ನು ಬಿಡಬೇಡಿ. ಎಸ್‌ಎನ್‌ಎಂಪಿಗೆಟ್‌ಗೆ ಪೂರ್ಣ ವಿಳಾಸವೇ ಬೇಕು. 3ನೇ ಆವೃತ್ತಿಯಲ್ಲಿ ಏಜೆಂಟ್ ಮೊದಲು ತನ್ನ ಎಂಜಿನ್ ಗುರುತನ್ನು ತಿಳಿಸಬೇಕಾಗಿರುವುದರಿಂದ, ಬಹಳಷ್ಟು ಸಾಧನಗಳು ಅಪರಿಚಿತ ಹೆಸರಿಗೂ ಮಾರುತ್ತರ ಕೊಡುತ್ತವೆ. ‘ಅನ್‌ನೋನ್ ಯೂಸರ್ ನೇಮ್’ ಎಂದು ಬಂದರೆ ದಾರಿ ತೆರೆದಿದೆ, ಏಜೆಂಟ್ ಎಚ್ಚರವಾಗಿದೆ ಎಂದರ್ಥ. ಆಗ ನೋಡಬೇಕಾದುದು ಕಮ್ಯುನಿಟಿಯ ಸಂರಚನೆಯನ್ನು ಮಾತ್ರ. ಅದಕ್ಕೂ ಉತ್ತರವಿಲ್ಲದಿದ್ದರೆ ಫೈರ್‌ವಾಲ್‌ನ ಕಡೆಗೆ ಹೋಗೋಣ.

ಪ್ರಶ್ನೆ ಕೇಳಿದವರು

‘ಅನ್‌ನೋನ್ ಯೂಸರ್ ನೇಮ್’ ಎಂದೇ ಬಂದಿತು. ಕನ್ಸೋಲ್‌ನಲ್ಲಿ ಸಂರಚನೆಯನ್ನು ತೆರೆದು ನೋಡಿದಾಗ, ಕಮ್ಯುನಿಟಿಗೆ ಜೋಡಿಸಿದ್ದ ಅನುಮತಿ ಪಟ್ಟಿಯಲ್ಲಿ ಹಳೆಯ ಸರ್ವರಿನ ಐಪಿ ವಿಳಾಸ ಮಾತ್ರ ಇತ್ತು. ಹೊಸದನ್ನು ಸೇರಿಸಿದೊಡನೆ ಸಾಧನದ ವಿವರಣೆ ಮತ್ತು ಅಪ್‌ಟೈಮ್ ಬಂದವು.

ಆದರೆ ಈಗ ಇನ್ನೊಂದು ತೊಡಕು ಎದುರಾಗಿದೆ. ವೇಗ ಹೆಚ್ಚಲೆಂದು ಎಸ್‌ಎನ್‌ಎಂಪಿಬಲ್ಕ್‌ವಾಕ್‌ಗೆ ‘-ಸಿಆರ್50’ (ಒಂದು ಉತ್ತರದಲ್ಲಿ 50 ಸಾಲು) ಕೊಟ್ಟು ಇಂಟರ್‌ಫೇಸ್ ಕೋಷ್ಟಕವನ್ನು, ಅಂದರೆ 1.3.6.1.2.1.2.2 ಅನ್ನು ಕೇಳಿದರೆ, ಇಂಟರ್‌ಫೇಸ್ ಸಂಖ್ಯೆಗಳ ಮೊದಲ 50 ಸಾಲುಗಳು ಬಂದು ಮತ್ತೆ ಟೈಮ್‌ಔಟ್ ಆಗುತ್ತದೆ. ಸ್ವಿಚ್‌ನಲ್ಲಿ ಒಟ್ಟು 52 ಇಂಟರ್‌ಫೇಸ್‌ಗಳಿವೆ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ ಎರಡನೆಯ ಪ್ರಶ್ನೆಗೂ ಉತ್ತರ ಬಂದಂತೆ ಕಾಣುತ್ತದೆ, ಆದರೂ ಕಮಾಂಡ್ ಅದನ್ನು ಸ್ವೀಕರಿಸುತ್ತಿಲ್ಲ.

ಉತ್ತರ

ಸರಿಯಾಗಿ 50ನೇ ಸಾಲಿಗೆ ನಿಂತಿರುವುದು ಕಾಕತಾಳೀಯವಲ್ಲ. ಮೊದಲ ಉತ್ತರದಲ್ಲಿ ಇದ್ದವು 50 ಚಿಕ್ಕ ಪೂರ್ಣಾಂಕಗಳು. ಒಂದೊಂದಕ್ಕೆ ಓಐಡಿಯೂ ಸೇರಿ ಸುಮಾರು 17 ಬೈಟ್ ಸಾಕಾದ್ದರಿಂದ ಇಡೀ ಉತ್ತರ ಒಂದೇ ಪ್ಯಾಕೆಟ್‌ನಲ್ಲಿ ಬಂದಿತು. ಎರಡನೆಯ ಉತ್ತರದಲ್ಲಿ ಉಳಿದ 2 ಸಂಖ್ಯೆಗಳ ಜೊತೆಗೆ 48 ಇಂಟರ್‌ಫೇಸ್ ಹೆಸರುಗಳು ಬರಬೇಕು. ಹೆಸರೊಂದು 25 ಅಕ್ಷರಗಳಷ್ಟಿದ್ದರೆ ಪ್ರತಿ ಸಾಲಿಗೆ 40 ಬೈಟ್ ದಾಟುತ್ತದೆ, ಒಟ್ಟು ಗಾತ್ರ 1500 ಬೈಟ್‌ಗಳ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೀರುತ್ತದೆ, ಪ್ಯಾಕೆಟ್ ತುಂಡಾಗುತ್ತದೆ. ನಡುವಿನ ಫೈರ್‌ವಾಲ್ ಎರಡನೆಯ ತುಂಡನ್ನು ತಡೆಯುತ್ತಿದೆ ಎಂಬುದು ನನ್ನ ಅನುಮಾನ.

ಟಿಸಿಪಿಡಂಪ್‌ನಲ್ಲಿ ಉತ್ತರ ಬಂದಂತೆ ಕಂಡದ್ದಕ್ಕೂ ಇದೇ ಕಾರಣವಿರಬೇಕು. ಯುಡಿಪಿ ತಲೆಬರಹ ಇರುವುದು ಮೊದಲ ತುಂಡಿನಲ್ಲಿ ಮಾತ್ರ. ‘ಯುಡಿಪಿ ಪೋರ್ಟ್ 161’ ಎಂಬ ಸೋಸುವಿಕೆ ಅದನ್ನಷ್ಟೇ ತೋರಿಸುತ್ತದೆ, ಮುಂದಿನ ತುಂಡು ಬಂದರೂ ಬಾರದಿದ್ದರೂ ನಿಮಗೆ ತಿಳಿಯುವುದಿಲ್ಲ. ಪೋರ್ಟ್ ಬಿಟ್ಟು ಸ್ವಿಚ್‌ನ ಐಪಿ ವಿಳಾಸದಿಂದ ಮಾತ್ರ ಸೋಸಿ ನೋಡಿ. ಮೊದಲ ತುಂಡೊಂದೇ ಬಂದಿದ್ದರೆ ಕರ್ನಲ್ ಉಳಿದದ್ದಕ್ಕಾಗಿ ಕಾದು, ಕೊನೆಗೆ ಅದನ್ನೂ ಎಸೆದುಬಿಡುತ್ತದೆ.

‘-ಸಿಆರ್’ ಆಯ್ಕೆಯನ್ನು ತೆಗೆದು ಓಡಿಸಿ. ಆಯ್ಕೆ ಕೊಡದಿದ್ದಾಗ ಬಳಕೆಯಾಗುವ ಮೌಲ್ಯ 10, ಆ ಗಾತ್ರದ ಉತ್ತರ ತುಂಡಾಗದು. ಅದಕ್ಕೂ ಟೈಮ್‌ಔಟ್ ಬಂದರೆ ಸ್ವಿಚ್ ನಿಧಾನವಾಗಿದೆಯೇ ಎಂದು ಪರಿಶೀಲಿಸಬೇಕು. ನೆಟ್-ಎಸ್‌ಎನ್‌ಎಂಪಿ ಸಾಮಾನ್ಯವಾಗಿ 1 ಸೆಕೆಂಡು ಕಾದು 5 ಬಾರಿ ಮರುಯತ್ನಿಸುತ್ತದೆ. ‘-ಟಿ 5 -ಆರ್ 1’ (5 ಸೆಕೆಂಡು ಕಾಯುವುದು, 1 ಮರುಯತ್ನ; ಎರಡೂ ಇಂಗ್ಲಿಷ್ ಸಣ್ಣಕ್ಷರ) ಕೊಟ್ಟರೆ ನಿಧಾನದ ಏಜೆಂಟ್‌ಗೆ ಬೇಕಾದಷ್ಟು ಸಮಯ ಸಿಗುತ್ತದೆ. ಎಲ್ಲರೂ ಮೊದಲು ಟೈಮ್‌ಔಟ್ ಏರಿಸಲು ಹೋಗುತ್ತಾರೆ. ಈ ಪ್ರಕರಣದಲ್ಲಿ ಅದರಿಂದ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರು

ಆಯ್ಕೆ ತೆಗೆದಾಗ ಇಡೀ ಕೋಷ್ಟಕ ಬಂದಿತು. ಎರಡನೆಯ ತುಂಡು ಸರ್ವರಿಗೆ ತಲುಪುತ್ತಿರಲಿಲ್ಲ ಎಂಬುದೂ ಖಚಿತವಾಯಿತು. ಇನ್ನು 1 ಗಿಗಾಬಿಟ್ ಅಪ್‌ಲಿಂಕ್‌ನ ಬಳಕೆಯನ್ನು 5 ನಿಮಿಷಕ್ಕೊಮ್ಮೆ ಇದೇ ಕೋಷ್ಟಕದಿಂದ ಓದಬಹುದೇ?

ಉತ್ತರ

ಬೇಡ. ಈ ಕೋಷ್ಟಕದ ಆಕ್ಟೆಟ್ (ಬೈಟ್) ಎಣಿಕೆಗಳು 32 ಬಿಟ್‌ನವು. ಆ ಲಿಂಕ್ ತುಂಬಿ ಹರಿದರೆ ಸುಮಾರು 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತವೆ, 5 ನಿಮಿಷದ ಅಂತರದಲ್ಲಿ ಎಷ್ಟು ಬಾರಿ ಮರಳಿದವು ಎಂದು ತಿಳಿಯಲಾಗದು. 64 ಬಿಟ್ ಎಣಿಕೆಗಳು 1.3.6.1.2.1.31.1.1.1ರ ಅಡಿಯಲ್ಲಿವೆ: ಒಳಬರುವುದಕ್ಕೆ 6ನೇ ಕಾಲಂ, ಹೊರಹೋಗುವುದಕ್ಕೆ 10ನೇ ಕಾಲಂ. ಅವು 1ನೇ ಆವೃತ್ತಿಯಲ್ಲಿ ಸಿಗುವುದಿಲ್ಲ, ನಿಮ್ಮ 2ಸಿಯಲ್ಲಿ ಸಿಗುತ್ತವೆ.